ಕ್ಯಾಂಟೀನಿನಿಂದ ಮೇಲೆ ಹತ್ತಿದ ಆದೇಶ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನಗಳಿಂದ ತಾಯಂದಿರ ಎದೆಹಾಲನ್ನು ಕುದಿಸಲಾಗುತ್ತಿದೆ. ತಮ್ಮದೇ ಅಪ್ಪಣೆ. ಇದು ನನ್ನ ನಾಲ್ಕನೆಯ ಪತ್ರ. ಮೊದಲ ಮೂರು ತಮ್ಮ ಕಡತದಲ್ಲಿ ಹಾಯಾಗಿ ಮಲಗಿರುವುದರಿಂದ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಕ್ಯಾಂಟೀನಿನಲ್ಲಿ ಹಸಿ ಹಾಲಿನ ಮಿಲ್ಕ್‌ಶೇಕ್ ಕುಡಿದು ಆರು ಗುಮಾಸ್ತರು ಹೊಟ್ಟೆ ಹಿಡಿದುಕೊಂಡರು. ಮರುದಿನವೇ ತಾವು, "ಆಸ್ಪತ್ರೆಯಲ್ಲಿ ಯಾವುದೇ ಹಾಲನ್ನು ಕುದಿಸದೆ ಯಾರಿಗೂ ಕೊಡತಕ್ಕದ್ದಲ್ಲ" ಎಂದು ಸಹಿ ಮಾಡಿದಿರಿ. ಡೈರಿ ಹಾಲಿಗೆ ಅದು ಸರಿಯೇ. ನಾನೂ ಕುದಿಸಿಯೇ ಕುಡಿಯುತ್ತೇನೆ. ಆದರೆ ಆ ಕಾಗದ ಎರಡು ಮಹಡಿ ಹತ್ತಿ, ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನ ಬಾಗಿಲಿಗೂ ಅಂಟಿಕೊಂಡಿತು. ಹಿರಿಯ ನರ್ಸ್ ನಿಟ್ಟುಸಿರಿಟ್ಟರು: "ತಪ್ಪು ಅಂತ ನಂಗೂ ಗೊತ್ತಮ್ಮ. ಸಹಿ ಇದೆಯಲ್ಲ, ನಾನೇನ್ ಮಾಡ್ಲಿ?"

ನಾನು ತಮ್ಮ ಪ್ರಯೋಗಾಲಯದ ಟೆಕ್ನಿಷಿಯನ್. ಎದೆಹಾಲಿನಲ್ಲಿ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನ್ ಇದೆ. ರೋಗಾಣುಗಳು ಬೆಳೆಯಲು ಕಬ್ಬಿಣದಂಶ ಬೇಕು. ಇದು ಅದನ್ನು ಬಿಗಿಯಾಗಿ ಹಿಡಿದುಕೊಂಡು ಅವುಗಳ ಬಾಯಿಗೆ ಸಿಗದಂತೆ ಮಾಡುತ್ತದೆ. ಕುದಿಸಿದರೆ ಪ್ರೋಟೀನಿನ ಆಕಾರ ಕೆಟ್ಟು ಹಿಡಿತ ತಪ್ಪುತ್ತದೆ. ನಂಬಿಕೆಯಿಲ್ಲವೇ? ಒಂದೇ ತಾಯಿಯ ಹಾಲನ್ನು ಮೂರು ಕೊಳವೆಗಳಿಗೆ ಹಾಕಿ, ಮೂರರಲ್ಲೂ ಅಷ್ಟಷ್ಟೇ ರೋಗಾಣು ಬಿಟ್ಟೆ. ಕುದಿಸದ ಹಾಲಿನಲ್ಲಿ ಅವು ತಿಣುಕಾಡಿದವು. ಕುದಿಸಿದ್ದರಲ್ಲಿ ಎಣಿಸಲಾಗದಷ್ಟು ಬೆಳೆದವು. ಕುದಿಸದ ಹಾಲಿಗೇ ಹೆಚ್ಚು ಕಬ್ಬಿಣದಂಶ ಬೆರೆಸಿದ ಮೂರನೆಯದರಲ್ಲೂ ಹಾಗೆಯೇ ಹಬ್ಬಿದವು. ಅಂದರೆ ಮೊದಲನೆಯದರಲ್ಲಿ ಅವುಗಳನ್ನು ತಡೆದದ್ದು ಕಬ್ಬಿಣ ಸಿಗದಿದ್ದುದೇ. ಆ ವರದಿ ತಮ್ಮ ಮೇಜಿನ ಮೇಲಿದೆ. ಅದರ ಮೇಲೆ ಚಹಾ ಲೋಟದ ಗುರುತನ್ನೂ ಕಣ್ಣಾರೆ ಕಂಡೆ.

ಆ ಹಾಲು ಕೊಟ್ಟ ತಾಯಿ ನನ್ನ ತಂಗಿ. ಅವಳ ಮಗಳ ತೂಕ ಸಾವಿರದ ನೂರು ಗ್ರಾಂ. ಮೂರು ಗಂಟೆಗೊಮ್ಮೆ ಪರದೆಯ ಹಿಂದೆ ಕುಳಿತು ಹಾಲು ಹಿಂಡಿ, ಪುಟ್ಟ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ವಾರ್ಡಿನ ಕಿಟಕಿಗೆ ಒಯ್ಯುತ್ತಾಳೆ. ಅವಳ ಕಣ್ಣೆದುರೇ ಅದು ಸ್ಟವ್ ಏರುತ್ತದೆ. ಮೊನ್ನೆ ಮಗುವಿಗೆ ಸೋಂಕು ತಗುಲಿತು. ಪರೀಕ್ಷೆಗೆಂದು ರಕ್ತ ಬಂದದ್ದು ನನ್ನ ಮೇಜಿಗೇ. ಚೀಟಿಯಲ್ಲಿ ತಂಗಿಯ ಹೆಸರು ಓದಿ, ಪರೀಕ್ಷೆಯನ್ನು ನಾನೇ ಮಾಡಿದೆ. ಕುದಿಸಿದ್ದರಿಂದಲೇ ಸೋಂಕು ಬಂತೆಂದು ನಾನು ಹೇಳುವುದಿಲ್ಲ. ಅಷ್ಟು ಕೆಟ್ಟ ಟೆಕ್ನಿಷಿಯನ್ ನಾನಲ್ಲ. ಆದರೆ ಆ ಕೂಸಿಗಿದ್ದ ಕಾವಲನ್ನು ನಾವೇ ಏಕೆ ತೆಗೆದುಹಾಕಿದೆವು?

ತಂಗಿ ಕೇಳುತ್ತಾಳೆ: "ಅಕ್ಕಾ, ನನ್ ಹಾಲಲ್ಲೇ ಏನೋ ದೋಷ ಇದೆ ಅಲ್ವಾ? ಇಲ್ದಿದ್ರೆ ಯಾಕೆ ಕುದಿಸ್ತಾರೆ?" ಇಂದು ಬೆಳಿಗ್ಗೆ ಅವಳು ಬಾಟಲಿ ತೊಳೆದು ಕವುಚಿಟ್ಟಳು. ಇನ್ನು ಹಿಂಡುವುದಿಲ್ಲವಂತೆ.

ನನಗೆ ವಾದಿಸುವ ಶಕ್ತಿ ಉಳಿದಿಲ್ಲ. "ತಾಯಿ ತನ್ನ ಮಗುವಿಗೆ ಕೊಡುವ ಹಾಲನ್ನು ಹೊರತುಪಡಿಸಿ" ಎಂದು ಆದೇಶಕ್ಕೆ ಇಂದೇ ಸೇರಿಸಿ. ಆಮೇಲೆ ದಯವಿಟ್ಟು ಮೇಲಕ್ಕೆ ಬಂದು, ಅವಳ ಹಾಲಿನಲ್ಲಿ ದೋಷವಿಲ್ಲವೆಂದು ಅವಳಿಗೆ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ. ಬಾಗಿಲ ಮೇಲಿರುವುದು ತಮ್ಮ ಸಹಿ.

ಇಂತಿ,
ತಮ್ಮ ಕೈಕೆಳಗಿನ ನೌಕರಳು,
ಮಗುವಿನ ದೊಡ್ಡಮ್ಮ