ನೆಗೆಟಿವ್ ಅಂದರೆ

ಜೂನ್ 3

ಇವತ್ತೂ ಕನ್ನಡಿ ಮುಂದೆ ಪ್ರಾಕ್ಟೀಸ್. ಡಾಕ್ಟರಮ್ಮನ ಮುಖ. ರಿಪೋರ್ಟ್ ಹೇಳುವಾಗ ನಗುವಂತಿಲ್ಲ, ಹುಬ್ಬು ಗಂಟಿಕ್ಕುವಂತಿಲ್ಲ. ಒಬ್ಬರಿಗೆ ನಕ್ಕರೆ, ನಗದಿದ್ದ ದಿನ ಇನ್ನೊಬ್ಬರಿಗೆ ಮೊದಲೇ ಗೊತ್ತಾಗಿಬಿಡುತ್ತೆ. ಎಚ್‌ಐವಿ ಅಂದರೆ ಕೈ ಮುಟ್ಟಲೂ ಜನ ಹೆದರುತ್ತಿದ್ದ ಕಾಲದಿಂದ ಇದೇ ಕೆಲಸ ಅವರದು. ಈಗ ಸೋಂಕು ತಗಲುವ ಮೊದಲೇ ತಡೆಯುವ ಮಾತ್ರೆಯ ಸಂಶೋಧನೆ. ಅದರಲ್ಲಿ ನಾನು ಕೌನ್ಸೆಲರ್!! ಅವರ ಭಾಷಣದ ವಿಡಿಯೋ ಎಲ್ಲ ಬಾಯಿಪಾಠ. ಕ್ಲಿನಿಕ್‌ನ ವಾಟ್ಸಾಪ್ ಗ್ರೂಪಲ್ಲಿ ನನ್ನ ಹೆಸರು — ಡಾಕ್ಟರಮ್ಮನ ಬಾಲ. ಇರಲಿ. ಹೆಮ್ಮೆ.

ಜೂನ್ 5, ಮಧ್ಯಾಹ್ನ

ಬಸ್ ಡ್ರೈವರ್ ಬಂದಿದ್ದರು. ನಮ್ಮ ಮಾತ್ರೆ ತಗೊಳ್ಳುವವರು. ಮುಖ ಕಲ್ಲು ಮಾಡಿಕೊಂಡು ಹೇಳಿದೆ, “ಸರ್, ರಿಪೋರ್ಟ್ ನೆಗೆಟಿವ್ ಬಂದಿದೆ.” ಥೇಟ್ ಡಾಕ್ಟರಮ್ಮ! “ಆಯ್ತಮ್ಮ” ಅಂತ ಎದ್ದು ಹೋದರು. ಮಾತ್ರೆ ಡಬ್ಬಿ ಮೇಜಿನ ಮೇಲೇ ಬಿಟ್ಟು...

ಸಂಜೆ

ಅಯ್ಯೋ. ನೆಗೆಟಿವ್ ಅಂದರೆ ಕೆಟ್ಟ ಸುದ್ದಿ ಅಂದುಕೊಂಡರಾ? ಡ್ರೈವರ್ ಫೋನ್ ಸ್ವಿಚ್ ಆಫ್.

ಡಾಕ್ಟರಮ್ಮ: “ನನ್ನ ಮುಖ ತಗೊಂಡೆ, ಬಾಯಿ ಯಾರಿಗೆ ಬಿಟ್ಟೆ? ‘ನಿಮಗೆ ಸೋಂಕಿಲ್ಲ’ ಅನ್ನೋಕೆ ಏನೇ ರೋಗ ನಿಂಗೆ?”

ನಿಂತಲ್ಲೇ ಡಿಲೀಟ್ ಆಗಬೇಕಿತ್ತು ನಾನು.

ಜೂನ್ 6

ಆಫ್. ಆಫ್. ಊಟ ಸೇರಲಿಲ್ಲ. “ಯಾವನೇ ಅವನು, ಫೋನ್ ಎತ್ತದವನು?” ಅಂತಾಳೆ ಅಮ್ಮ. ಏನಂತ ಹೇಳಲಿ.

ಜೂನ್ 8

ಬಸ್ ಡಿಪೋಗೇ ಹೋದೆವು. ಗೇಟಿನವನು “ನೀವ್ಯಾರು” ಅಂದದ್ದಕ್ಕೆ ಡಾಕ್ಟರಮ್ಮ “ಅವನ ದೊಡ್ಡಮ್ಮ ಕಣಪ್ಪ, ಕರಿ” ಅಂದರು. ಲೆಜೆಂಡ್.

ಡ್ರೈವರ್ ಬಂದರು. ಕಣ್ಣು ಗುಳಿಬಿದ್ದಿತ್ತು.

“ನಿಮಗೆ ಸೋಂಕಿಲ್ಲಪ್ಪ. ಆವತ್ತು ಸರಿಯಾಗಿ ಹೇಳದ್ದು ನಮ್ಮ ತಪ್ಪು” ಅಂದರು ಡಾಕ್ಟರಮ್ಮ.

ಬಸ್ಸಿನ ಮೆಟ್ಟಿಲ ಮೇಲೆ ಕೂತರು. ನಕ್ಕರು. ಆಮೇಲೆ ನಗು ನಿಂತಿತು.

“ಮನೇಲಿ ಎಲ್ಲಾ ಹೇಳ್ಬಿಟ್ಟೆ ಡಾಕ್ಟ್ರೇ. ಕಾಯಿಲೆ ಅಂತ... ನನ್ನ ಗೆಳೆಯನ ಜೊತೆಗಿನ ಸಂಬಂಧದ ವಿಷ್ಯಾನೂ. ಹೆಂಡ್ತಿ ತವರಿಗೆ ಹೋದ್ಲು.”

ವಾಪಸ್ ಬರುವಾಗ ಡಾಕ್ಟರಮ್ಮ ನನಗೆ ಟೀ ಕೊಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 15

ಕ್ಲಿನಿಕ್‌ಗೆ ಫೋನ್. ಡ್ರೈವರ್ ಹೆಂಡತಿ.

“ಅವ್ರಿಗೆ ಏನೂ ಇಲ್ವಂತೆ, ನಿಜಾನಾ ತಂಗಿ?”

ಒಬ್ಬರ ರಿಪೋರ್ಟ್ ಇನ್ನೊಬ್ಬರಿಗೆ ಹೇಳುವಂತಿಲ್ಲ. ಹೆಂಡತಿಗೂ. “ಅವರನ್ನೇ ಕೇಳಿ ಅಕ್ಕ. ಇಬ್ಬರೂ ಒಟ್ಟಿಗೆ ಬನ್ನಿ” ಅಂದೆ.

“ಕಾಯಿಲೆ ಸುಳ್ಳಾದ್ರೆ ಆ ಇನ್ನೊಂದು ವಿಷ್ಯಾನೂ ಸುಳ್ಳೇ ಅಲ್ವಾ? ಅದೊಂದು ಹೇಳು. ನಾಳೇನೇ ಮನೆಗೆ ವಾಪಸ್ ಹೋಗ್ತೀನಿ.”

ಡಾಕ್ಟರಮ್ಮ ಎದುರಿಗೇ ಇದ್ದರು. ಫೋನಿಗೆ ಕೈ ಚಾಚಿದರು. ಕೊಡಲಿಲ್ಲ ನಾನು. “ಅಕ್ಕಾ” ಅಂದೆ. “ಅಕ್ಕಾ, ನೋಡಿ, ಆ ವಿಷಯ ಸುಳ್ಳು ಅಂತಲೂ ನಾನು ಹೇಳಲ್ಲ, ನಿಜ ಅಂತಲೂ ಹೇಳಲ್ಲ, ಅವರ ಬಾಯಿಂದಲೇ ಕೇಳಿ.”