ಬಿದ್ದವನು ಏಳಬಾರದು

ದೊಡ್ಡಬಳ್ಳಾಪುರ
14-9-1998

ರಂಜಿತಾ,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದ್ದೇನೆ, ನೋಡಿಕೋ. ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ಕೇಳುವ ಮನಸ್ಸೂ ಇಲ್ಲ.

ನಮ್ಮ ಆಟವನ್ನು ಏನು ಮಾಡಿಟ್ಟೆಯೇ? ಆರು ತಿಂಗಳು ಕಂಪ್ಯೂಟರ್ ಕ್ಲಾಸಿನ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತು ಕಟ್ಟಿದ್ದು ಅದು. ಪಾಳೇಗಾರರ ಕಾಲದ ಇಬ್ಬರು ಭಟರು, ಒಬ್ಬನ ಕೈಲಿ ಈಟಿ, ಇನ್ನೊಬ್ಬನ ಕೈಲಿ ಕತ್ತಿ, ಒಂದೇ ಏಟಿಗೆ ಕಥೆ ಮುಗಿಯಬೇಕು ಅಂತ ಇಬ್ಬರೂ ಒಪ್ಪಿದ್ದೆವು. ಅಕ್ಕನ ಸೀಮಂತ ಅಂತ ಕುಂದಾಣಕ್ಕೆ ಹೊರಡುವ ಮುಂಚೆ ನನಗೊಂದು ಮಾತು ಹೇಳದೆ ಎಲ್ಲ ತಿದ್ದಿ, ಫ್ಲಾಪಿಗೆ ಚೀಟಿ ಅಂಟಿಸಿ ಹೋಗಿದ್ದೀಯ: “ಯಾವಾಗ್ಲೂ ಈಟಿಯೋನೇ ಗೆದ್ರೆ ಕತ್ತಿ ಯಾರು ತಗೋತಾರೆ ಕಣೇ? ಆಟ ಅಂದ್ಮೇಲೆ ಇಬ್ರಿಗೂ ಸಮ ಇರ್ಬೇಕು.”

ಸಮವಂತೆ, ಸಮ! ಈಟಿಯನ್ನು ಅರ್ಧಕ್ಕೆ ಕತ್ತರಿಸಿದ್ದೀಯ. ಅದೇನು ಈಟಿಯೋ ಹಲ್ಲುಕಡ್ಡಿಯೋ? ಸಾಲದ್ದಕ್ಕೆ ಒಬ್ಬೊಬ್ಬನಿಗೂ ಮೂರು ಜೀವ. ಯುದ್ಧದಲ್ಲಿ ಯಾರೇ ನಿನಗೆ ಸಮ ಮಾಡಿ ಕೊಡುತ್ತಾರೆ? ಈಟಿ ಉದ್ದ ಇರುವುದೇ ಕತ್ತಿಯವನು ಹತ್ತಿರ ಬರಬಾರದು ಅಂತ.

ಆಟದ ಹೆಜ್ಜೆಗಳೆಲ್ಲ ನಮ್ಮಪ್ಪನವು. ಇಪ್ಪತ್ತು ವರ್ಷದಿಂದ ಗರಡಿ ಕಡೆ ತಲೆ ಹಾಕದ ಮನುಷ್ಯ, ನನಗೋಸ್ಕರ ಮಗ್ಗ ನಿಲ್ಲಿಸಿ, ಅಂಗಳದಲ್ಲಿ ಬಿದಿರು ಗಳ ಹಿಡಿದು ತೋರಿಸಿದರು. ಕೇಳಿಕೊಂಡದ್ದು ಒಂದೇ ಮಾತು: “ಚೌಡೀ, ಈಟಿ ತಾಕ್ದೋನು ಏಳ್ಬಾರ್ದು ಕಣವ್ವ. ಎದ್ರೆ ಅದು ಸುಳ್ಳು.” ನೀನೂ ಅಲ್ಲೇ ನಿಂತು ಹೂಂ ಅಂದಿದ್ದೆ.

ನಿನ್ನೆ ಕ್ಲಾಸಿನಲ್ಲಿ, ಮೊದಲು ಆಡಿ ನೋಡಲೂ ಹೊತ್ತಿಲ್ಲದೆ, ಎಲ್ಲರ ಅಪ್ಪ ಅಮ್ಮಂದಿರ ಮುಂದೆ ಆಟ ತೋರಿಸಿದೆ. ಅಪ್ಪ ಇಸ್ತ್ರಿ ಷರ್ಟು ಹಾಕಿಕೊಂಡು ಮುಂದೆಯೇ ಕೂತಿದ್ದರು. ನಾನು ಈಟಿ, ಕ್ಲಾಸಿನ ಸರ್ ಕತ್ತಿ. ಸರಿಯಾಗಿ ಎದೆಗೇ ತಿವಿದೆ. ಕತ್ತಿಯ ಭಟ ಬಿದ್ದ. ಬಿದ್ದವನು ಮೈ ಕೊಡವಿಕೊಂಡು ಎದ್ದ! ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಎದ್ದು ಹೊರಟುಹೋದರು. ಮನೆಗೆ ಬಂದರೆ ಊಟ ಬಿಟ್ಟು, ನಿಂತ ಮಗ್ಗದ ಮುಂದೆ ಕೂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಿನಗೊಂದು ವಿಷಯ ಹೇಳಿರಲಿಲ್ಲ. ಹೇಳಬಾರದು ಅಂತ ಅಮ್ಮ ಆಣೆ ಹಾಕಿಸಿದ್ದಳು. ಅಪ್ಪ ಗರಡಿ ಬಿಟ್ಟದ್ದು ಮಗ್ಗದ ಕೆಲಸ ಹೆಚ್ಚಾಗಿ ಅಲ್ಲ. ಆಂಜಿನಪ್ಪ ಅಂತ ಅವರಿಗೊಬ್ಬ ಜೀವದ ಗೆಳೆಯ. ಮಹಾನವಮಿಯ ದಿನ ಇಬ್ಬರೂ ಜನರ ಮುಂದೆ ವರಸೆ ತೋರಿಸುವಾಗ ಅಪ್ಪನ ಈಟಿಯ ಮೊನೆಗೆ ಸುತ್ತಿದ್ದ ಬಟ್ಟೆ ಜಾರಿಬಿಟ್ಟಿತು. ಆಂಜಿನಪ್ಪ ಬಿದ್ದ. “ಏಳೋ ಆಂಜಿ, ಏಳೋ” ಅಂತ ಅಪ್ಪ ತೊಡೆ ಮೇಲೆ ಹಾಕಿಕೊಂಡು ಕೂಗಿದರಂತೆ. ಅವನು ಏಳಲಿಲ್ಲ.

ಈಗ ಗೊತ್ತಾಯಿತೇನೇ, ನಿನ್ನ ಸಮ ಎಲ್ಲಿ ಹೋಗಿ ಚುಚ್ಚಿತು ಅಂತ? ಬರುವ ಸೋಮವಾರ ಆಟವನ್ನು ಡಿಪ್ಲೊಮಾಕ್ಕೆ ಒಪ್ಪಿಸಬೇಕು. ಅಷ್ಟರೊಳಗೆ ಬಂದು ಎಲ್ಲ ಮೊದಲಿದ್ದ ಹಾಗೆ ಮಾಡು. ಇಲ್ಲದಿದ್ದರೆ ನನ್ನ ಹೆಸರು ತೆಗೆದುಹಾಕು, ನಮ್ಮ ಮನೆ ಹೊಸಿಲೂ ತುಳಿಯಬೇಡ.

ಇಂತಿ,
ಇನ್ನೂ ಕೋಪ ಇಳಿಯದ
ಚೌಡೇಶ್ವರಿ

ಮರೆತ ಮಾತು: ಬೆಳಿಗ್ಗೆ ಇದನ್ನು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟುವಾಗ ಅಪ್ಪ ಕರೆದರು. ನನ್ನ ಮುಖ ನೋಡದೆ ಕೇಳಿದರು: “ಚೌಡೀ, ಅವ್ನು ಎದ್ದ ಅಲ್ವಾ? ಇನ್ನೊಂದ್ಸಲ ತೋರ್ಸವ್ವ.” ಕ್ಲಾಸಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಆಟವನ್ನು ಮತ್ತೆ ಮತ್ತೆ ಮೊದಲಿಂದ ಶುರು ಮಾಡಿಸಿ ಹನ್ನೊಂದು ಸಲ ತಿವಿಸಿದರು, ಹನ್ನೊಂದು ಸಲವೂ ಅವನು ಎದ್ದ. ಏಳುವುದನ್ನು ಮುಟ್ಟಬೇಡ ಕಣೇ, ಹಾಗೇ ಇರಲಿ. ಈಟಿ ಮಾತ್ರ ಉದ್ದ ಮಾಡು. ಅದೊಂದನ್ನು ನಾನು ಬಿಟ್ಟುಕೊಡುವುದಿಲ್ಲ.