ಒಂದೇ ಅಪ್ಪ, ಎರಡು ಸಿನಿಮಾ

ಮಾರ್ಚ್ 12, ಗುರುವಾರ

ನಾಳೆ ಎರಡು ಸಿನಿಮಾ. ಬೆಳಿಗ್ಗೆ ಚಿಕ್ಕದು, ಮಧ್ಯಾಹ್ನ ದೊಡ್ಡದು. ಸಂಜೆ ಏಳರೊಳಗೆ ಎರಡರ ವಿಮರ್ಶೆಯೂ ಡೆಸ್ಕಿಗೆ ಹೋಗಬೇಕು, ಶನಿವಾರದ ಪುಟಕ್ಕೆ. ಪ್ರತಿ ಶುಕ್ರವಾರದ ಹಣೆಬರಹ ಇದೇ. ಸೊಂಟ ಮಾತ್ರ ಮೊದಲಿನದಲ್ಲ.

ತೊಂದರೆ ಏನೆಂದರೆ, ಚಿಕ್ಕದು ಬಾಮೈದನದು. ಹೆಂಡತಿಯ ಒಬ್ಬನೇ ತಮ್ಮ. ಮದುವೆ ವಿಡಿಯೋ ತೆಗೆದುಕೊಂಡು ಹಾಯಾಗಿದ್ದ. ಯಾರೋ ಹುರಿದುಂಬಿಸಿದರು, ಡೈರೆಕ್ಟರ್ ಆಗಿಬಿಟ್ಟ. ಸಿಕ್ಕಿರುವುದು ಒಂದೇ ಥಿಯೇಟರ್, ದಿನಕ್ಕೆ ಒಂದೇ ಆಟ, ಅದೂ ಸೋಮವಾರದ ತನಕ. ಪೇಪರಿನಲ್ಲಿ ನಾಲ್ಕು ಒಳ್ಳೆಯ ಮಾತು ಬಂದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಎತ್ತಂಗಡಿ. ಆ ನಾಲ್ಕು ಮಾತು ಬರೆಯಬೇಕಾದವನು ನಾನು!

ಸಂಪಾದಕರಿಗೆ ಈ ಸಂಬಂಧ ಹೇಳಿಲ್ಲ. ಹೇಳಿದರೆ ಆಟೋಟದ ಪುಟದವನಿಗೆ ಕೊಡುತ್ತಾರೆ. ಅವನು ಇಂಟರ್ವಲ್‌ಗೇ ಎದ್ದು ಹೋಗುವ ಗಿರಾಕಿ. ಅದಕ್ಕಿಂತ ನಾನೇ ವಾಸಿ. ನನ್ನ ತಕ್ಕಡಿ ಯಾರ ಕಡೆಗೂ ವಾಲುವುದಿಲ್ಲ.

ಸಂಜೆ ಬಾಮೈದ ಬಂದಿದ್ದ. ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯದೇನನ್ನೋ ಅಕ್ಕನ ಕೈಗೆ ಕೊಟ್ಟ. ಶೂಟಿಂಗಿಗೆ ಒಯ್ದಿದ್ದನಂತೆ. ಅವಳು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ ಅಟ್ಟದ ಮೇಲಿಟ್ಟಳು. ಏನದು ಎಂದು ಕೇಳಲಿಲ್ಲ. ಕೇಳಿದರೆ ಅಕ್ಕ ತಮ್ಮ ಸೇರಿ ತೀರಿಹೋದ ಅಪ್ಪನ ಪುರಾಣ ಬಿಚ್ಚುತ್ತಾರೆ, ನನ್ನ ಊಟ ತಣ್ಣಗಾಗುತ್ತದೆ.

ಹೊರಡುವಾಗ, "ಭಾವ, ನಾಳೆ ಬರ್ತೀರಲ್ಲ?" ಎಂದ.

"ಬರದೆ ಏನ್ಮಾಡ್ಲಿ? ಅದೇ ನನ್ನ ಕೆಲ್ಸ."

"ಹೇಗಿದೆಯೋ ಹಾಗೆ ಬರೀರಿ. ನನ್ನ ಮುಖ ನೋಡ್ಬೇಡಿ."

ಅವನು ಹೋದ ಮೇಲೆ ಹೆಂಡತಿ, "ಮುಖ ನೋಡ್ಬೇಡಿ ಅಂದ, ಸರಿ. ಸಿನಿಮಾನಾದ್ರೂ ಸರಿಯಾಗಿ ನೋಡಿ," ಎಂದಳು. ಮೂಗಿನ ತುದಿಗೆ ಕೋಪ ಬಂತು. ನನಗೆ ಸಿನಿಮಾ ನೋಡುವುದನ್ನು ಕಲಿಸುತ್ತಾಳೆ.

ಮಾರ್ಚ್ 13, ಶುಕ್ರವಾರ. ಮಧ್ಯಾಹ್ನ, ಥಿಯೇಟರ್ ಕ್ಯಾಂಟೀನು

ಚಿಕ್ಕದು ಮುಗಿಯಿತು. ಬೆರಳಲ್ಲಿ ಎಣಿಸುವಷ್ಟು ಜನ. ಅದರಲ್ಲೂ ಅರ್ಧ ಬಾಮೈದನ ಗೆಳೆಯರು, ಜೋಕು ಬರುವ ಮೊದಲೇ ನಗುತ್ತಿದ್ದರು. ಅವನೂ ಹಿಂದೆಲ್ಲೋ ಕೂತಿದ್ದ. ತಿರುಗಿ ನೋಡಲಿಲ್ಲ.

ಅಪ್ಪ ಮಗ ಮಾತು ಬಿಟ್ಟಿದ್ದಾರೆ. ಕಥೆ ಅಷ್ಟೇ. ಬೆಳಗಾಗುತ್ತದೆ, ಕತ್ತಲಾಗುತ್ತದೆ, ಮಾತಿಲ್ಲ. ಕೊನೆಗೆ ಅಪ್ಪ ಸಾಯುತ್ತಾನೆ. ಕ್ಯಾಮೆರಾ ನಲ್ಲಿಯನ್ನು ನೋಡುತ್ತದೆ, ಆಮೇಲೆ ಗೋಡೆಯನ್ನು ನೋಡುತ್ತದೆ. ಅಪ್ಪನ ಪಾತ್ರಕ್ಕೆ ನಮ್ಮ 'ಎಲ್ಲರಪ್ಪ'. ಯಾವ ಸಿನಿಮಾದಲ್ಲಿ ಯಾರಿಗೆ ಅಪ್ಪ ಬೇಕಾದರೂ ಇವನೇ. ಅದೇ ಕನ್ನಡಕ, ಅದೇ ಬೂದು ಸ್ವೆಟರು. ಮನೆಯಿಂದಲೇ ಹಾಕಿಕೊಂಡು ಬರುತ್ತಾನೋ ಏನೋ.

ಮಧ್ಯೆ ಎಲ್ಲೋ ಒಮ್ಮೆ ಕಣ್ಣು ಉರಿಯಿತು. ಕರ್ಚೀಫು ತೆಗೆಯಬೇಕಾಯಿತು. ಹಳೇ ಥಿಯೇಟರು, ಸೀಟಿನ ತುಂಬ ಧೂಳು.

ನೋಟ್ಸ್ ಮಾಡಿಕೊಳ್ಳುವ ಅಭ್ಯಾಸ ನನಗಿಲ್ಲ. ಕತ್ತಲಲ್ಲಿ ಮೊಬೈಲು ಬೆಳಗಿಸಿಕೊಂಡು ಗೀಚುವ ಹೊಸಬರನ್ನು ಕಂಡರೆ ನಗು ಬರುತ್ತದೆ. ತಲೆಯಲ್ಲಿ ನಿಂತರೆ ಸಿನಿಮಾ, ನಿಲ್ಲದಿದ್ದರೆ ಬರೀ ರೀಲು.

ಹೊರಗೆ ದೊಡ್ಡದಕ್ಕೆ ಪಟಾಕಿ ಹೊಡೆಯುತ್ತಿದ್ದಾರೆ. ಚಹಾ ಕೆಟ್ಟದಾಗಿದೆ. ಹೊರಡಬೇಕು.

ಅದೇ ದಿನ, ಸಂಜೆ ಏಳೂವರೆ, ಆಫೀಸು

ತಲೆ ಸಿಡಿಯುತ್ತಿದೆ. ದೊಡ್ಡದು ಅಂದರೆ ಸದ್ದಿನಲ್ಲಿ ದೊಡ್ಡದು. ಅಲ್ಲೂ ಅಪ್ಪ ಮಗ ಮಾತು ಬಿಟ್ಟಿದ್ದಾರೆ! ಅಲ್ಲೂ ಎಲ್ಲರಪ್ಪ! ಬೆಳಿಗ್ಗೆ ಸತ್ತವನು ಮಧ್ಯಾಹ್ನ ಎದ್ದು ಬಂದು ಸೈಕಲ್ ಅಂಗಡಿ ಇಟ್ಟ, ಇಂಟರ್ವಲ್‌ಗೆ ಮತ್ತೆ ಸತ್ತ. ಮಗ ಸೈಕಲ್ ಚೈನು ಹಿಡಿದು ಊರಿಗೆಲ್ಲ ಬಾರಿಸಿದ. ಕಿವಿಯಲ್ಲಿ ಇನ್ನೂ ಗುಂಯ್...

ಆಫೀಸಿಗೆ ಬಂದು ಕೂತರೆ ಡೆಸ್ಕಿನವಳ ಕಾಟ. "ಸಾರ್, ಪುಟ ಕಾಯ್ತಾ ಇದೆ. ಸ್ಟಾರ್ ಎಷ್ಟು ಅಂತಾದ್ರೂ ಹೇಳ್ಬಿಡಿ, ಬಾಕ್ಸ್ ಹಾಕ್ಕೊಂಡಿರ್ತೀನಿ." ನಮ್ಮಲ್ಲಿ ಇದೊಂದು ಪದ್ಧತಿ. ತೀರ್ಪು ಮೊದಲು, ವಿಚಾರಣೆ ಆಮೇಲೆ. ಚಿಕ್ಕದಕ್ಕೆ ಎರಡು ಎಂದೆ. ಎರಡೂವರೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ನಾಳೆ ಯಾರೂ ಬಾಮೈದನಿಗೆ ಅರ್ಧ ಜಾಸ್ತಿ ಹಾಕಿದ ಎನ್ನಬಾರದು. ದೊಡ್ಡದಕ್ಕೆ ಮೂರು.

ಮೂರು ಯಾಕೆಂದರೆ ಅದರಲ್ಲೊಂದು ದೃಶ್ಯವಿದೆ. ಮುನಿಸಿಕೊಂಡ ಅಪ್ಪ, ಮಗ ಏಳುವ ಮೊದಲೇ ಎದ್ದು, ಸದ್ದಾಗದ ಹಾಗೆ ಅವನ ಸೈಕಲ್ಲಿಗೆ ಪಂಪು ಹೊಡೆದು, ಒಳಗೆ ಹೋಗಿ ಮುಸುಕೆಳೆದುಕೊಂಡು ಮಲಗುತ್ತಾನೆ. ಮಗ ಪೆಡಲ್ ತುಳಿಯುತ್ತಾನೆ. ಸೈಕಲ್ ಹಗುರ ಅನ್ನಿಸಿ ಒಮ್ಮೆ ಹಿಂತಿರುಗಿ ನೋಡುತ್ತಾನೆ. ಒಂದು ಮಾತಿಲ್ಲ. ಅಂಥ ಗದ್ದಲದ ಸಿನಿಮಾದೊಳಗೆ ಅದು ಹೇಗೆ ನುಸುಳಿತೋ! ಅದರ ಮೇಲೆಯೇ ಒಂದು ಪ್ಯಾರಾ ಬರೆದೆ. ಚೆನ್ನಾಗಿ ಬಂದಿದೆ, ನಾನೇ ಹೇಳಿಕೊಳ್ಳಬೇಕು.

ಚಿಕ್ಕದಕ್ಕೆ: 'ಪ್ರಾಮಾಣಿಕ ಪ್ರಯತ್ನ. ಆದರೆ ಎದೆಗೆ ತಾಕುವ ಒಂದೇ ಒಂದು ದೃಶ್ಯವೂ ಇಲ್ಲ.' ಮನೆಯಲ್ಲಿ ರಂಪ ಆಗುತ್ತದೆ. ಆಗಲಿ.

ಮಾರ್ಚ್ 14, ಶನಿವಾರ. ಬೆಳಿಗ್ಗೆ

ರಂಪ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಎದ್ದು ಬಂದರೆ ಪೇಪರು ಮೇಜಿನ ಮೇಲೆ ಮಡಿಸಿಟ್ಟಿದೆ. ಹೆಂಡತಿ ಏಣಿ ಹಾಕಿ ಅಟ್ಟ ಹತ್ತಿದ್ದಾಳೆ. ಇಳಿದು ಬಂದು ಗೋಣಿಚೀಲ ಬಿಚ್ಚಿ, ಒಳಗಿದ್ದದ್ದನ್ನು ನನ್ನ ಚಹಾದ ಲೋಟದ ಪಕ್ಕ ನಿಲ್ಲಿಸಿದಳು.

"ಇದನ್ನ ಎಲ್ಲಾದ್ರೂ ನೋಡಿದೀರಾ?"

ಹಳೇ ಸೈಕಲ್ ಪಂಪು. ಮರದ ಹಿಡಿ ಸವೆದು ನುಣ್ಣಗಾಗಿದೆ. ಕೊಳವೆ ಹರಿದಲ್ಲಿ ಕೆಂಪು ರಬ್ಬರು ಸುತ್ತಿದೆ. ಆ ಕೆಂಪು ರಬ್ಬರನ್ನು ನಿನ್ನೆ ತಾನೇ ತೆರೆಯ ತುಂಬ ನೋಡಿದ್ದೇನೆ.

"ದೊಡ್ಡ ಸಿನಿಮಾದಲ್ಲಿ..." ಎಂದೆ.

"ನಮ್ಮಪ್ಪನ ಪಂಪು ಅವರ ಕೈಗೆ ಹೇಗ್ರೀ ಹೋಗುತ್ತೆ? ನನ್ನ ತಮ್ಮ ತಗೊಂಡೋಗಿದ್ದು. ಅಪ್ಪ ಅವನ ಹತ್ರ ಮಾತು ಬಿಟ್ಟಾಗ ದಿನಾ ಬೆಳಿಗ್ಗೆ ಹೀಗೇ ಮಾಡ್ತಿದ್ರು."

"ಸೈಕಲ್ ಅಂಗಡಿ ಇದ್ದಿದ್ದು ಅದ್ರಲ್ಲಿ ಕಣೇ. ಪಂಪು ಅಲ್ಲಿರದೆ ಇನ್ನೆಲ್ಲಿರುತ್ತೆ?"

ಅವಳು ಕೂಗಾಡಲಿಲ್ಲ. "ನಿನ್ನೆ ಮಧ್ಯಾಹ್ನ ಅವನು ಫೋನ್ ಮಾಡಿದ್ದ. ಅಕ್ಕಾ, ಪಂಪಿನ ಸೀನಿಗೆ ಭಾವ ಕರ್ಚೀಫ್ ತೆಗೆದ್ರು, ನಾನೇ ಕಣ್ಣಾರೆ ನೋಡ್ದೆ, ಇನ್ನು ಭಯ ಇಲ್ಲ ಅಂದ. ಅದಕ್ಕೇ ಇವತ್ತು ಪೇಪರಿನವನು ಬರೋದಕ್ಕೆ ಮೊದ್ಲೇ ಬಾಗಿಲಲ್ಲಿ ಕೂತಿದ್ದೆ."

ಆದರೂ ಒಪ್ಪಲಿಲ್ಲ. ನನ್ನ ತಲೆ ನನಗೆ ಮೋಸ ಮಾಡುವುದಿಲ್ಲ. ಮಧ್ಯಾಹ್ನ ಹೋಗಿ ನೋಡಿಯೇಬಿಡುತ್ತೇನೆ.

ಸಂಜೆ

ದೊಡ್ಡದನ್ನು ಮತ್ತೆ ನೋಡಿದೆ. ಯಾವ ಶತ್ರುವಿಗೂ ಬೇಡ ಈ ಶಿಕ್ಷೆ. ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ, ಪಂಪು ಬರಲಿ, ಪಂಪು ಬರಲಿ. ಅಂಗಡಿ ಬಂತು. ಗೋಡೆಯ ಮೇಲೆ ಟಯರು ಬಂತು, ಟ್ಯೂಬು ಬಂತು. ಎಲ್ಲರಪ್ಪ ಒಂದು ಭಾಷಣ ಬಿಗಿದ.

ಪಕ್ಕದ ಸೀಟಿನವನು ಕತ್ತಲಲ್ಲಿ ನನ್ನ ಕಡೆ ಬಗ್ಗಿದ. "ಸಾರ್, ಪೇಪರಲ್ಲಿ ಬಂದಿತ್ತಲ್ಲ, ಪಂಪಿನ ಸೀನು, ಬಂದು ಹೋಯ್ತಾ? ನಾನು ಪಾಪ್‌ಕಾರ್ನ್ ತರೋಕೆ ಹೋಗಿದ್ದೆ."

"ಇನ್ನೂ ಬಂದಿಲ್ಲ," ಎಂದೆ.

"ಅಮ್ಮ ಅದನ್ನ ನೋಡೋಕೇ ಬಂದಿರೋದು."

ಅವನಾಚೆ ಒಬ್ಬಳು ಮುದುಕಿ, ಸೆರಗನ್ನು ಕಿವಿಗೆ ಒತ್ತಿಕೊಂಡು, ತೆರೆಯಿಂದ ಕಣ್ಣು ಕೀಳದೆ ಕೂತಿದ್ದಳು. ಇಂಟರ್ವಲ್ ಆಯಿತು. ಅಪ್ಪ ಸತ್ತ. ಮುದುಕಿ, "ಏನೋ, ಪಂಪು ಹೊಡೀದೇ ಸತ್ತೋದ್ನಲ್ಲೋ!" ಎಂದಳು. ಎದ್ದು ಬಂದುಬಿಟ್ಟೆ. ಅವಳಿಗೆ ನೋಡಬೇಕಾಗಿದ್ದದ್ದು ಎದುರು ಬೀದಿಯ ಥಿಯೇಟರಿನಲ್ಲಿತ್ತು. ನಾನೇ ದಾರಿ ತಪ್ಪಿಸಿ ಇಲ್ಲಿ ತಂದು ಕೂರಿಸಿದ್ದೆ.

ಮಾರ್ಚ್ 15, ಭಾನುವಾರ. ಬೆಳಿಗ್ಗೆ

ಗಾಯದ ಮೇಲೆ ಬರೆ. ಪೇಪರಿನಲ್ಲಿ ದೊಡ್ಡದರ ಜಾಹೀರಾತು, ಅರ್ಧ ಪುಟ. ಅದರ ನೆತ್ತಿಯ ಮೇಲೆ ನನ್ನದೇ ಸಾಲು: 'ಮಾತಿಲ್ಲದೆ ಕಣ್ಣು ಒದ್ದೆ ಮಾಡುವ ಅಪ್ಪ!' ಕೆಳಗೆ ಹೀರೋ, ಕೈಯಲ್ಲಿ ಚೈನು. ನಾಚಿಕೆಯಾದರೂ ಬೇಡವೇ? ಅವರ ಸಿನಿಮಾದಲ್ಲಿ ಇಲ್ಲದ್ದು ಅವರಿಗೆ ಗೊತ್ತಿಲ್ಲವೇ! ಆದರೆ ಅವರನ್ನು ಬೈದು ಏನು ಫಲ? ಕೊಟ್ಟ ಕೋಡಂಗಿ ನಾನು.

ಚಿಕ್ಕದು ಓಡುತ್ತಿರುವ ಥಿಯೇಟರಿನ ಮ್ಯಾನೇಜರಿಗೆ ಫೋನ್ ಮಾಡಿದೆ. "ಸ್ವಾಮಿ, ನಾಳೆಗೆ ಲಾಸ್ಟು. ನೀವೇ ಏನೂ ಇಲ್ಲ ಅಂತ ಬರೆದ್ಮೇಲೆ ನಾನ್ಯಾವ ಧೈರ್ಯದ ಮೇಲೆ ಇಡ್ಲಿ? ನಾಳೆ ಪೇಪರಲ್ಲಿ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಬಂದ್ರೆ ಇನ್ನೊಂದು ವಾರ ಓಡಿಸ್ತೀನಿ. ಮಾತು ಅಂದ್ರೆ ಮಾತು."

ಹೆಂಡತಿ ನಿನ್ನೆಯಿಂದ ಮಾತಾಡಿಲ್ಲ. ಚಹಾ ಬರುತ್ತದೆ, ಊಟ ಬರುತ್ತದೆ, ಮಾತು ಬರುವುದಿಲ್ಲ. ಅವಳು ತಮ್ಮನ ಮನೆಗೆ ಹೊರಟಿದ್ದು ಗೊತ್ತಾಗಿ, ಅಂಗಳಕ್ಕೆ ಹೋಗಿ ಅವಳ ಸೈಕಲ್ಲಿಗೆ ಆ ಪಂಪಿನಿಂದ ಗಾಳಿ ಹೊಡೆಯತೊಡಗಿದೆ. ಏನಾದರೂ ಮಾಡಬೇಕಿತ್ತು. ಸೊಂಟ ಕಟ್ ಎಂದಿತು. ಅವಳು ಬಾಗಿಲಲ್ಲಿ ನಿಂತು ನೋಡಿದಳು.

"ಸಿನಿಮಾ ಮಾಡ್ಬೇಡಿ," ಎಂದಳು. "ಗಾಳಿ ಇದೆ ಅದ್ರಲ್ಲಿ. ಹೋಗಿ ಬರೀರಿ."

ಮಧ್ಯಾಹ್ನ

ಆಫೀಸಿಗೆ ಹೋಗಿ ಸಂಪಾದಕರ ಮುಂದೆ ನಿಂತೆ. ದೃಶ್ಯ ಅದಲುಬದಲಾಗಿದೆ ಎಂದೆ.

"ಅಷ್ಟೇ ತಾನೇ? ಹವಾಮಾನದ ಕೆಳಗೆ ಒಂದು ಸಾಲು ತಿದ್ದುಪಡಿ ಹಾಕೋಣ."

"ಸಾಲದು ಸಾರ್. ನನ್ನ ಜಾಗದಲ್ಲೇ ಹೆಸರು ಹಾಕಿ ಬರೀಬೇಕು. ಆ ಸಿನಿಮಾ ನಾಳೆ ಎತ್ತಂಗಡಿ ಆಗ್ತಿದೆ."

"ಎತ್ತಿದ್ರೆ ನಿಮಗೇನ್ರೀ? ನಿಮ್ಮಷ್ಟು ಅನುಭವ ಇರೋರು ಹೀಗೆ ಮರೆತ್ರು ಅಂದ್ರೆ ಯಾರು ನಂಬ್ತಾರೆ? ಕಾರಣ ಹೇಳಿ, ಜಾಗ ಕೊಡ್ತೀನಿ."

ಎಲ್ಲರಪ್ಪನ ಕನ್ನಡಕ, ಸ್ವೆಟರು, ಸೈಕಲ್ ಅಂಗಡಿ, ತಲೆನೋವು, ಡೆಸ್ಕಿನವಳ ಅವಸರ... ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಹಸಿ ಸುಳ್ಳು ಅನ್ನಿಸಿತು. ಕೊನೆಗೆ ಬಾಯಿಬಿಟ್ಟೆ. ಡೈರೆಕ್ಟರ್ ನನ್ನ ಹೆಂಡತಿಯ ತಮ್ಮ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಗುರುವಾರ ಹೇಳ್ಬೇಕಿತ್ತು. ಸಂಬಂಧ ಮುಚ್ಚಿಟ್ಟು ವಿಮರ್ಶೆ ಬರೆದೋರಿಗೆ ನಾನು ಪುಟ ಕೊಡೋ ಹಾಗಿಲ್ಲ. ನೀವು ಇದನ್ನ ಬರೆದ್ರೆ ಹಾಕ್ತೀನಿ, ಆದ್ರೆ ಅದೇ ನಿಮ್ಮ ಕೊನೇ ಬರಹ. ಬರೀದಿದ್ರೆ ಒಂದು ಸಾಲು ತಿದ್ದುಪಡಿ, ನಾನೂ ಕೇಳಿಸ್ಕೊಂಡಿಲ್ಲ, ನೀವೂ ಹೇಳಿಲ್ಲ. ಏಳರೊಳಗೆ ತಿಳಿಸಿ."

ಮೆಟ್ಟಿಲಿಳಿದು ಮನೆಗೆ ಬಂದೆ. ಆ ಪುಟ ಬಿಟ್ಟರೆ ನಾನು ಯಾರು? ಟಿಕೆಟ್ಟು ಕೊಂಡು ಸಿನಿಮಾ ನೋಡುವ ಇನ್ನೊಬ್ಬ ಮುದುಕ.

ಸಂಜೆ, ಆರು ದಾಟಿದೆ

ಹೆಂಡತಿ ತಮ್ಮನನ್ನು ಕರೆದುಕೊಂಡೇ ಬಂದಿದ್ದಾಳೆ. ಅಡುಗೆಮನೆಯಲ್ಲಿ ಇಬ್ಬರೂ ಪಿಸುಪಿಸು. ಅವನು ಒಮ್ಮೆ ನನ್ನ ಕೋಣೆಯ ಬಾಗಿಲಿಗೆ ಬಂದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಭಾವ, ಒಂದು ಕೇಳ್ಲಾ? ನೀವು ಪೇಪರಲ್ಲಿ ಆ ಸೀನಿನ ಬಗ್ಗೆ ಬರೆದಿದ್ದೆಲ್ಲ ನಿಜ ತಾನೇ?"

"ನಿಜ ಕಣೋ."

"ಸಾಕು ಬಿಡಿ," ಎಂದು ಒಳಗೆ ಹೋದ. ಸಾಕಂತೆ! ಒಂದು ವಾರದ ಆಟ ಹೋಗುತ್ತಿದೆ, ಇವನಿಗೆ ಸಾಕಂತೆ. ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಡೆಸ್ಕಿನವಳ ಫೋನು. "ಸಾರ್, ಪುಟ ಕಾಯ್ತಾ ಇದೆ. ತಿದ್ದುಪಡಿನಾ, ಬರಹನಾ?"

"ಬರಹ," ಎಂದೆ. "ಬಾಕ್ಸ್ ಹಾಕ್ಕೊಂಡಿರಮ್ಮ. ಈ ಸಲ ಸ್ಟಾರ್ ಕೇಳ್ಬೇಡ."

ಮೊದಲು ಇಲ್ಲೇ ಬರೆದು ನೋಡುತ್ತೇನೆ. ಕೈ ಓಡುತ್ತಿಲ್ಲ.

'ಸೈಕಲ್ ಪಂಪಿನ ಆ ದೃಶ್ಯ ಇರುವುದು ಚಿಕ್ಕ ಚಿತ್ರದಲ್ಲಿ. ಅದರ ನಿರ್ದೇಶಕ ನನ್ನ ಬಾಮೈದ. ಅವನ ಕೈಯಲ್ಲಿ ಅಂಥದ್ದು ಆಗಲಾರದು ಎಂದು ನಾನು ಮೊದಲೇ ತೀರ್ಮಾನಿಸಿ ಕೂತಿದ್ದೆ. ನೋಡುವಾಗ ಕಣ್ಣು ಒದ್ದೆಯಾಯಿತು. ಧೂಳು ಅಂದುಕೊಂಡೆ. ಆಮೇಲೆ, ಆ ಕಣ್ಣೀರನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟೆ.'